ಹತ್ತನೇ ಕ್ಲಾಸಿನ ಮಗ ಶೂ ಹಾಕ್ಕೊಳ್ಳೋ ಹೊತ್ತಿಗೆ ಹೊಟ್ಟೆನೋವು ಅಂತಾನೆ, ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ

ಹೊಲಿಗೆಮನೆ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಇಲ್ಲಿ ಬರೆಯೋದು ಇದೇ ಮೊದಲು. ಫೋನಲ್ಲಿ ಟೈಪ್ ಮಾಡ್ತಿದ್ದೀನಿ, ತಪ್ಪಿದ್ದರೆ ಹೊಂದಿಸಿಕೊಂಡು ಓದಿ.

ನನ್ನ ಮಗನಿಗೆ 15 ವರ್ಷ, ಹತ್ತನೇ ಕ್ಲಾಸು. ನಾನು ಮನೆಯಲ್ಲೇ ಬ್ಲೌಸ್ ಹೊಲಿತೀನಿ. ನಮ್ಮ ಯಜಮಾನ್ರು ಲಾರಿ ಓಡಿಸ್ತಾರೆ, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆ ನಮ್ಮ ಜೊತೆಗಿದ್ದಾರೆ.

ದೀಪಾವಳಿ ಕಳೆದ ಮೇಲೆ ಶುರುವಾಗಿದ್ದು ಇದು. ಬೆಳಗ್ಗೆ ಎದ್ದು, ಸ್ನಾನ ಮಾಡಿ, ಯೂನಿಫಾರಂ ಹಾಕ್ಕೊಳ್ಳೋವರೆಗೆ ಚೆನ್ನಾಗೇ ಇರ್ತಾನೆ. ಶೂ ಹಾಕ್ಕೊಳ್ಳೋಕೆ ಮೆಟ್ಟಿಲ ಮೇಲೆ ಕೂತ ಅಂದ್ರೆ ಹೊಟ್ಟೆ ಹಿಡ್ಕೋತಾನೆ. ಮುಖ ಬಿಳಿಚಿಕೊಳ್ಳುತ್ತೆ, ಅಂಗೈ ಮುಟ್ಟಿದರೆ ತಣ್ಣಗೆ ಒದ್ದೆ. ಮೊದಮೊದಲು ನಾಟಕ ಅಂತ ಬೈದೆ. ಒಂದಿನ ಗೇಟಿನ ಹತ್ರ ವಾಂತಿ ಮಾಡ್ಕೊಂಡ ಮೇಲೆ ನನಗೂ ಹೆದರಿಕೆ ಆಯ್ತು. ಡಾಕ್ಟರ್ ಹತ್ರ ಕರ್ಕೊಂಡು ಹೋದೆ. ಗ್ಯಾಸ್ಟ್ರಿಕ್ ಮಾತ್ರೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲ ಆಯ್ತು. ಏನೂ ಇಲ್ಲ, ಎಕ್ಸಾಮ್ ಟೆನ್ಷನ್ ಇರಬೇಕು ಅಂದು ಕಳಿಸಿದರು. ಟೆನ್ಷನ್ ಅಂತ ಗೊತ್ತಾದ ಮೇಲೆ ಏನು ಮಾಡಬೇಕು ಅಂತ ಮಾತ್ರ ಯಾರೂ ಹೇಳಲಿಲ್ಲ.

ಹೋದ ವಾರ ಅವನ ಗಣಿತದ ಪೂರ್ವಸಿದ್ಧತಾ ಪೇಪರ್ ಅಕ್ಕಿ ಡಬ್ಬದ ಹಿಂದೆ ಸಿಕ್ಕಿತು. 80ಕ್ಕೆ 27. ನಾಲ್ಕು ಮಡಿಕೆ ಮಾಡಿ ತುರುಕಿದ್ದ. ನನಗೆ ಸಿಟ್ಟು ತಡೆಯೋಕಾಗಲಿಲ್ಲ. "ನಿಮ್ಮಪ್ಪ ರಾತ್ರಿಯಿಡೀ ನಿದ್ದೆಗೆಟ್ಟು ದುಡೀತಾರೆ, ನಿನಗೆ ನಾಚಿಕೆ ಅನ್ನೋದು ಇಲ್ವಾ" ಅಂದೆ. ನನ್ನ ತಂಗಿ ಮಗನ ಮಾರ್ಕ್ಸೂ ಎತ್ತಿ ಆಡಿದೆ. ಅವನು ಒಂದು ಮಾತೂ ಆಡಲಿಲ್ಲ. ಬಚ್ಚಲಮನೆಗೆ ಹೋಗಿ ಚಿಲಕ ಹಾಕ್ಕೊಂಡ. ಗೋಡೆಗೆ ಗುದ್ದೋ ಸದ್ದು ಕೇಳಿಸ್ತು. ಹೊರಗೆ ಬಂದಾಗ ಬೆರಳಿನ ಗೆಣ್ಣು ಸುಲಿದು ರಕ್ತ. ನಾನು ಅರಿಶಿನ ಹಚ್ಚೋಕೆ ಹೋದರೆ ಕೈ ಕಿತ್ಕೊಂಡ. ಅವತ್ತಿಂದ ನನ್ನ ಜೊತೆ "ಹೂಂ", "ಇಲ್ಲ" ಅಷ್ಟೇ ಮಾತು. ಎದುರು ಕೂರಿಸಿಕೊಂಡು ಏನಾಗಿದೆ ಹೇಳಪ್ಪ ಅಂತ ಎಷ್ಟು ಕೇಳಿದರೂ "ಏನಿಲ್ಲಮ್ಮ, ಬೇಜಾರು" ಅಂತಾನೆ. ರಜೆ ಇದ್ದ ದಿನ ಮಾತ್ರ ಅಜ್ಜಿ ಜೊತೆ ನಗ್ತಾನೆ.

ಅತ್ತೆ ದೃಷ್ಟಿ ತೆಗೆದರು, ದುಗ್ಗಮ್ಮನ ಗುಡಿಗೂ ಕರ್ಕೊಂಡು ಹೋಗಿ ಬಂದರು. ಯಜಮಾನ್ರು ಎಲ್ಲಾದಕ್ಕೂ ಫೋನೇ ಕಾರಣ ಅಂದು ಫೋನ್ ಕಿತ್ತು ಬೀರುವಿನಲ್ಲಿ ಇಟ್ಟಿದ್ದಾರೆ. ನಾನು ಬೆಳಗಿನ ಜಾವ 4 ಗಂಟೆಗೆ ಎಬ್ಬಿಸಿ ಓದೋಕೆ ಕೂರಿಸ್ತೀನಿ. ಮಾರ್ಚ್‌ನಲ್ಲಿ ಪರೀಕ್ಷೆ. ಇವನನ್ನ ಮಾನಸಿಕ ಡಾಕ್ಟರ್ ಹತ್ರ ತೋರಿಸಬೇಕಾ? ತೋರಿಸಿದರೆ ಮುಂದೆ ಕಾಲೇಜಿಗೆ, ಕೆಲಸಕ್ಕೆ ತೊಂದರೆ ಆಗಲ್ವಾ? ಅವನ ಬಾಯಿ ಬಿಡಿಸೋದು ಹೇಗೆ? ದಯವಿಟ್ಟು ಗೊತ್ತಿದ್ದವರು ಹೇಳಿ.

ತುಮಕೂರಿನ ಅಪ್ಪ

ಅಕ್ಕಾ, ಫೋನ್ ವಿಚಾರ ಒಂದೇ ಹೇಳ್ತೀನಿ, ಉಳಿದದ್ದು ತಿಳಿದವರು ಹೇಳಲಿ. ನಾವೂ ನಮ್ಮ ಮಗಳ ಫೋನ್ ಕಿತ್ಕೊಂಡಿದ್ದೆವು. ಅವಳ ಸ್ನೇಹಿತರೆಲ್ಲ ಅದರಲ್ಲೇ ಇದ್ದರು, ಅವಳಿಗೆ ಇದ್ದ ಒಂದು ಕಿಟಕಿಯನ್ನೂ ಮುಚ್ಚಿದ ಹಾಗಾಯ್ತು. ಈಗ ರಾತ್ರಿ 9.30ಕ್ಕೆ ಮನೆಯ ಎಲ್ಲರ ಫೋನೂ ಅಡುಗೆಮನೆ ಶೆಲ್ಫ್ ಮೇಲೆ ಚಾರ್ಜಿಗೆ. ನನ್ನದೂ, ನನ್ನ ಹೆಂಡತಿಯದೂ ಸೇರಿ. ಮೊದಲ ವಾರ ಕಷ್ಟ ಆಗಿದ್ದು ನನಗೇ. ಆದರೆ ಆಮೇಲೆ ಜಗಳ ನಿಂತಿತು.

ಸಾಗರದ ಟೀಚರ್

ತಂಗೀ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ 29 ವರ್ಷ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು. ಮೊದಲು ನನ್ನದೇ ಒಂದು ತಪ್ಪನ್ನು ಹೇಳುತ್ತೇನೆ, ನಿಮ್ಮ ಮಗನ ಹೊಟ್ಟೆನೋವಿಗೂ ಅದಕ್ಕೂ ಸಂಬಂಧ ಇದ್ದೀತು ಅನ್ನಿಸುತ್ತಿದೆ.

ಕೆಲಸಕ್ಕೆ ಸೇರಿದ ಮೊದಲ ಹತ್ತು ಹನ್ನೆರಡು ವರ್ಷ ನಾನು ಉತ್ತರ ಪತ್ರಿಕೆಗಳನ್ನು ಅಂಕದ ಪ್ರಕಾರ ಜೋಡಿಸಿ ಹಂಚುತ್ತಿದ್ದೆ. ಹೆಚ್ಚು ಅಂಕದವರದು ಮೊದಲು, ಕಡಿಮೆಯವರದು ಕೊನೆಗೆ. ಮಕ್ಕಳಿಗೆ ಹುರುಪು ಬರಲಿ ಅಂತಲೇ ಮಾಡುತ್ತಿದ್ದದ್ದು. ಕೊನೆಯ ಪೇಪರಿನ ಹುಡುಗಿ ಖಾಲಿ ಮೇಜಿನ ತನಕ ನಡೆದು ಬರಬೇಕಿತ್ತು, ಇಡೀ ಕ್ಲಾಸು ನೋಡುತ್ತಿತ್ತು. ಅವಳಿಗೆ ಆಗಾಗ ತಲೆ ಸುತ್ತು ಬರುತ್ತಿತ್ತು. ರಕ್ತ ಕಡಿಮೆ ಇದೆ, ಸೊಪ್ಪು ತಿನ್ನು ಅಂತ ನಾನೇ ಹೇಳಿದ್ದೆ. ಎಷ್ಟೋ ವರ್ಷ ಕಳೆದು ತನ್ನ ಮದುವೆಯ ಕರೆಯೋಲೆ ಕೊಡಲು ಮನೆಗೆ ಬಂದಾಗ ಕಾಫಿ ಕುಡಿಯುತ್ತಾ ಹೇಳಿದಳು: "ಟೀಚರ್, ನೀವು ಪೇಪರ್ ಕೊಡೋ ದಿನ ನಾನು ಬೆಳಗ್ಗೆ ಗಂಜಿ ಕೂಡ ಕುಡೀತಿರಲಿಲ್ಲ." ದೂರು ಹೇಳುವ ದನಿಯಲ್ಲಿ ಹೇಳಿದ್ದಲ್ಲ ಅದು, ಹಳೆಯದನ್ನು ನೆನೆಸಿಕೊಂಡು ಹೇಳಿದ್ದು. ನನಗೆ ಮಾತ್ರ ಆ ಕಾಫಿ ಗಂಟಲಲ್ಲಿ ಇಳಿಯಲಿಲ್ಲ.

ಹಾಗಾಗಿ ನಿಮ್ಮಲ್ಲಿ ಮೊದಲ ಕೋರಿಕೆ ಇದು. ಗೋಡೆಯ ಕ್ಯಾಲೆಂಡರಿನಲ್ಲಿ ಹೊಟ್ಟೆನೋವು ಬಂದ ದಿನಕ್ಕೆಲ್ಲ ಒಂದು ಚುಕ್ಕೆ ಇಡಿ. ಹಿಂದಿನದನ್ನೂ ನೆನಪು ಮಾಡಿಕೊಂಡು ಇಡಿ. ಆಮೇಲೆ ಅವನ ಟೈಮ್ ಟೇಬಲ್ ಪಕ್ಕದಲ್ಲಿ ಹಿಡಿದು ನೋಡಿ. ಆ ನೋವು ವಾರದ ಇಂಥದ್ದೇ ದಿನ, ಇಂಥದ್ದೇ ಪೀರಿಯಡ್ ಇದ್ದಾಗ ಬರುತ್ತದೆಯೇ? "ಪರೀಕ್ಷೆ ಭಯ" ಅನ್ನುವುದು ಬಹಳ ದೊಡ್ಡ ಚೀಲ. ಅದರೊಳಗೆ ನಿಜವಾಗಿ ಏನಿದೆ ಅಂತ ನೋಡದೆ ಹೊರಗಿನಿಂದ ತಟ್ಟಿದರೆ ಪ್ರಯೋಜನವಿಲ್ಲ.

ಎರಡನೆಯದು, ಎದುರು ಕೂರಿಸಿ ಕೇಳುವುದನ್ನು ಬಿಟ್ಟುಬಿಡಿ. ಹದಿನೈದರ ಹುಡುಗನಿಗೆ ಅದು ವಿಚಾರಣೆ. ನಾವು ಅಡಿಕೆ ಸೀಮೆಯವರು. ಸುಗ್ಗಿಯಲ್ಲಿ ರಾತ್ರಿ ಹನ್ನೊಂದರ ತನಕ ಸಾಲಾಗಿ ಮೆಟ್ಟುಗತ್ತಿ ಇಟ್ಟುಕೊಂಡು ಹಸಿ ಅಡಿಕೆ ಸುಲಿಯುತ್ತಿದ್ದೆವು. ಕಣ್ಣು ಕತ್ತಿಯ ಮೇಲೇ ಇರಬೇಕು, ಇಲ್ಲದಿದ್ದರೆ ಬೆರಳು ಹೋಗುತ್ತದೆ. ಯಾರೂ ಯಾರ ಮುಖವನ್ನೂ ನೋಡುವ ಹಾಗಿಲ್ಲ. ಅದಕ್ಕೇ ಇರಬೇಕು, ನಮ್ಮ ಕಡೆ ಮನೆಯ ಎಷ್ಟೋ ಗುಟ್ಟುಗಳು ಹೊರಬಿದ್ದದ್ದು ಅಡಿಕೆ ಸುಲಿಯುವಾಗಲೇ. ನನ್ನ ಮಗ ಪಿಯುಸಿ ಮೊದಲ ವರ್ಷದಲ್ಲಿದ್ದಾಗ ಎರಡು ತಿಂಗಳು ಮಾತು ಬಿಟ್ಟಿದ್ದ. ನಾನು ಟೀಚರ್ ಧಾಟಿಯಲ್ಲಿ ಕೇಳಿ ಕೇಳಿ ಸೋತಿದ್ದೆ. ಸುಗ್ಗಿ ಶುರುವಾಗಿ ಮೂರನೇ ರಾತ್ರಿ, ಕೈ ನಿಲ್ಲಿಸದೆ, ಕತ್ತಿಗೆ ಹೇಳುವವನ ಹಾಗೆ "ಅಮ್ಮಾ, ನಂಗೆ ಸೈನ್ಸ್ ಆಗ್ತಾ ಇಲ್ಲೆ" ಅಂದ. ನನ್ನ ಎದೆ ಧಸಕ್ಕೆಂದಿತು. ಆದರೂ "ಹೂಂ" ಅಂದು ಇನ್ನೊಂದು ಅಡಿಕೆ ಕೈಗೆ ತೆಗೆದುಕೊಂಡೆ. ಆಗ ಕತ್ತಿ ಬಿಟ್ಟು ಅವನ ಕಡೆ ತಿರುಗಿ "ಯಾಕೆ? ಏನಾಯ್ತು? ಮೊದಲೇ ಯಾಕೆ ಹೇಳಲಿಲ್ಲ?" ಅಂದಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಒಂದು ಬುಟ್ಟಿ ಅಡಿಕೆ ಮುಗಿಯುವಷ್ಟರಲ್ಲಿ ಎಲ್ಲ ಹೇಳಿದ್ದ.

ನಿಮ್ಮ ಮನೆಯಲ್ಲಿ ಅಡಿಕೆ ಇಲ್ಲ, ಮಿಷನ್ ಇದೆ. ಬಾಬಿನ್‌ಗೆ ದಾರ ಸುತ್ತಿಸಿ, ಹುಕ್ ಹಚ್ಚಿಸಿ, ಹಳೇ ಹೊಲಿಗೆ ಬಿಚ್ಚಿಸಿ. ಪಕ್ಕದಲ್ಲಿ ಕೂರಿ. ಏನೂ ಕೇಳಬೇಡಿ. ನಾಲ್ಕು ದಿನ ಏನೂ ಹೇಳದಿದ್ದರೂ ಸರಿ. ತಂಗಿಯ ಮಗನ ಹೆಸರು ತೆಗೆದದ್ದಕ್ಕೆ ಮಾತ್ರ ನೀವಾಗಿಯೇ ಒಮ್ಮೆ "ತಪ್ಪಾಯ್ತು ಕಣೋ" ಅನ್ನಿ. ಒಂದೇ ಸಲ ಸಾಕು, ವಿವರಣೆ ಬೇಡ.

ಅಂಕದ ಮಾತು ಕೊನೆಗೆ. 2024ರಿಂದ ನಮ್ಮಲ್ಲಿ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯುವ ಅವಕಾಶ ಇದೆ. ಯಾವುದರಲ್ಲಿ ಹೆಚ್ಚು ಬಂದಿದೆಯೋ ಅದನ್ನೇ ಉಳಿಸಿಕೊಳ್ಳಬಹುದು. ಮಕ್ಕಳಿಗೆ ಇದು ಗೊತ್ತಿರುತ್ತದೆ, ಆದರೆ ಅಪ್ಪ ಅಮ್ಮನ ಬಾಯಿಂದ ಕೇಳಿದರೆ ಎದೆಯ ಭಾರ ಇಳಿಯುತ್ತದೆ. 27 ಬಂದ ಪೇಪರನ್ನು ಅವನು ಕೊಡಲು ಒಪ್ಪಿದ ದಿನ ನೋಡಿ, ಸಮೀಕರಣದ ನಕ್ಷೆ, ಸರಾಸರಿ, ಮಧ್ಯಾಂಕ, ಥೇಲ್ಸ್‌ನ ಪ್ರಮೇಯ ಇವುಗಳಲ್ಲಿ ಯಾವುದನ್ನು ಬಿಟ್ಟಿದ್ದಾನೆ ಅಂತ. ಅಷ್ಟನ್ನು ನಾನು ಇಲ್ಲಿಂದಲೇ ಹೇಳಿಕೊಡುತ್ತೇನೆ. ಆದರೆ ಅದು ಆಮೇಲಿನ ಕೆಲಸ.

ಹಾವೇರಿ ಎಂಎಸ್‌ಡಬ್ಲ್ಯೂ

ಅಕ್ಕಾ, ನಾನು ಸರ್ಕಾರಿ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ಸಮಾಜ ಕಾರ್ಯಕರ್ತೆ. ಟೀಚರ್ ಹೇಳಿದ್ದನ್ನು ಒಪ್ಪುತ್ತಾ ಉಳಿದ ಪ್ರಶ್ನೆಗಳಿಗೆ ಬರುತ್ತೇನೆ.

ನಿಮ್ಮ ಮಗನ ಹೊಟ್ಟೆನೋವು ನಾಟಕವಲ್ಲ. ಸ್ಕ್ಯಾನಿಂಗ್‌ನಲ್ಲಿ ಕಾಣದಿದ್ದ ಮಾತ್ರಕ್ಕೆ ನೋವು ಸುಳ್ಳಾಗುವುದಿಲ್ಲ. ಭಯವಾದಾಗ ದೇಹದಲ್ಲಿ ಅಡ್ರಿನಲಿನ್ ಏರುತ್ತದೆ, ರಕ್ತ ಹೊಟ್ಟೆಯ ಕಡೆಯಿಂದ ಕೈಕಾಲಿನ ಸ್ನಾಯುಗಳ ಕಡೆ ಓಡುತ್ತದೆ, ಕರುಳು ಹಿಂಡಿದ ಹಾಗಾಗುತ್ತದೆ. ನೀವು ಬರೆದ ಬಿಳಿಚಿದ ಮುಖ, ತಣ್ಣನೆ ಒದ್ದೆ ಅಂಗೈ ಇದರ ಗುರುತೇ. ನೀವು ಅದನ್ನು ಅಷ್ಟು ಸರಿಯಾಗಿ ಗಮನಿಸಿದ್ದೀರಿ. "ನೋವು ನಿಜ, ಹೆದರಿದಾಗ ಹೊಟ್ಟೆ ಹಿಂಡುತ್ತೆ, ಸ್ವಲ್ಪ ಹೊತ್ತಿಗೆ ಇಳಿಯುತ್ತೆ" ಅಂತ ಅವನಿಗೆ ಹೇಳಿ. ನನಗೇನೋ ದೊಡ್ಡ ಕಾಯಿಲೆ ಅನ್ನುವ ಎರಡನೇ ಹೆದರಿಕೆ ಅಷ್ಟಕ್ಕೇ ಕಡಿಮೆಯಾಗುತ್ತದೆ.

ಉಸಿರಾಟ ಕಲಿಸಿ, ಆದರೆ ಗೇಟಿನ ಹತ್ರ ವಾಂತಿ ಬರುವಾಗ ಅಲ್ಲ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗಾಗುತ್ತೆ. ರಾತ್ರಿ ಊಟ ಆದಮೇಲೆ, ಎಲ್ಲರೂ ಸುಮ್ಮನೆ ಕೂತಾಗ, ಮೂಗಿನಿಂದ ನಾಲ್ಕು ಎಣಿಸೋವರೆಗೆ ಒಳಗೆ, ಆರು ಎಣಿಸೋವರೆಗೆ ಹೊರಗೆ. ಹೊರಗೆ ಬಿಡುವ ಉಸಿರು ಉದ್ದ ಇರಬೇಕು, ಎದೆಬಡಿತ ಇಳಿಸುವುದು ಅದು. ಐದು ನಿಮಿಷ ಸಾಕು. ದಿನಾ ಮಾಡಿ ರೂಢಿಯಾದರೆ ಶೂ ಹಾಕುವಾಗ ತಾನಾಗಿ ನೆನಪಾಗುತ್ತದೆ.

4 ಗಂಟೆಗೆ ಎಬ್ಬಿಸುವುದನ್ನು ಇವತ್ತೇ ನಿಲ್ಲಿಸಿ, ಇದನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳುತ್ತಿದ್ದೇನೆ. ಈ ವಯಸ್ಸಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ದೆ ಬೇಕು. ಹರೆಯದಲ್ಲಿ ನಿದ್ದೆಯ ಗಡಿಯಾರವೇ ತಡವಾಗಿ ಓಡುತ್ತದೆ, ಬೇಗ ಮಲಗು ಅಂದರೂ ನಿದ್ದೆ ಹತ್ತುವುದಿಲ್ಲ. ಹನ್ನೊಂದಕ್ಕೆ ಮಲಗಿ ನಾಲ್ಕಕ್ಕೆ ಎದ್ದವನಿಗೆ ಓದಿದ್ದೂ ಉಳಿಯುವುದಿಲ್ಲ, ಮನಸ್ಸೂ ಹಿಡಿತಕ್ಕೆ ಸಿಗುವುದಿಲ್ಲ.

ಹೊಟ್ಟೆನೋವು ಬಂದ ದಿನ ಪೂರ್ತಿ ರಜೆ ಹಾಕಿಸಬೇಡಿ. ತಪ್ಪಿಸಿಕೊಂಡಾಗ ಸಿಗುವ ನೆಮ್ಮದಿ ಮರುದಿನದ ಭಯವನ್ನು ಬೆಳೆಸುತ್ತದೆ. ಬೇಕಾದರೆ ಎರಡನೇ ಪೀರಿಯಡ್‌ಗೆ ಹೋಗಲಿ, ನೀವೇ ಬಿಟ್ಟು ಬನ್ನಿ. ಶಾಲೆಗೆ ಮೊದಲೇ ಹೇಳಿರಿ.

"ಬೇಜಾರು" ಅಂದದ್ದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನಮ್ಮ ಭಾಷೆಯಲ್ಲಿ ಹೊತ್ತು ಹೋಗದಿದ್ದರೂ ಬೇಜಾರು, ಅವಮಾನವಾದರೂ ಬೇಜಾರು, ಸತ್ತವರ ಮನೆಯಲ್ಲೂ ಬೇಜಾರು. ಮಕ್ಕಳು ಎಲ್ಲವನ್ನೂ ಅದೊಂದೇ ಮಾತಿನಲ್ಲಿ ಮುಚ್ಚಿಡುತ್ತಾರೆ. ಮಾತು ಬಂದ ದಿನ "ಹೆದರಿಕೆಯ ಬೇಜಾರಾ, ಸಿಟ್ಟಿನ ಬೇಜಾರಾ, ಒಬ್ಬನೇ ಆದ ಬೇಜಾರಾ" ಅಂತ ಮೆಲ್ಲಗೆ ಕೇಳಬಹುದು.

ಡಾಕ್ಟರಿಗೆ ತೋರಿಸಬೇಕಾ ಅಂದರೆ, ತೋರಿಸಿ. ಎರಡು ತಿಂಗಳು ದಾಟಿದೆ, ಕೈಗೆ ಗಾಯ ಮಾಡಿಕೊಂಡಿದ್ದಾನೆ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯ ವಿಭಾಗ ಇದೆ. ಹಳ್ಳಿಯ ಕಡೆಯವರು ಓದುತ್ತಿದ್ದರೆ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ ಬಗ್ಗೆ ವಿಚಾರಿಸಿ. ಅದಕ್ಕೂ ಮೊದಲು ಟೆಲಿ ಮಾನಸ್ ಅನ್ನುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ, ನಂಬರ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು, ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಹಗಲು ರಾತ್ರಿ ಯಾವಾಗ ಬೇಕಾದರೂ, ಕನ್ನಡದಲ್ಲೇ, ದುಡ್ಡಿಲ್ಲದೆ ಮಾತಾಡಬಹುದು. ಕಾಲೇಜು, ಕೆಲಸದ ಚಿಂತೆ ಬಿಡಿ. ಚಿಕಿತ್ಸೆಯ ವಿಷಯ ಗುಟ್ಟಾಗಿಡಬೇಕು ಅನ್ನುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಕೊಟ್ಟ ಹಕ್ಕು. ಅಂಕಪಟ್ಟಿಯ ಮೇಲೆ ಯಾರೂ ಏನೂ ಬರೆಯುವುದಿಲ್ಲ.

ದೃಷ್ಟಿ ತೆಗೆದದ್ದಕ್ಕೆ ಅತ್ತೆಯ ಮೇಲೆ ಬೇಸರ ಬೇಡ. ಅವನು ನಗುವುದು ಅವರ ಜೊತೆಗೇ ಅಂದಿರಿ. ಅವರು ನಿಮ್ಮ ಬಲ.

ಪುತ್ತೂರಿನವ

ಅಕ್ಕ, ನಾನು ಸೆಕೆಂಡ್ ಪಿಯುಸಿಯಲ್ಲಿ ಫಿಸಿಕ್ಸ್ ಫೇಲ್ ಆದವ. 2019ರಲ್ಲಿ. ಈಗ ಎಲೆಕ್ಟ್ರಿಕಲ್ ಕೆಲಸ ಮಾಡ್ತಾ ಇದ್ದೇನೆ. ಒಂದು ವಿಷಯ ಯಾರೂ ಬಿಡಿಸಿ ಹೇಳ್ಲಿಲ್ಲ, ಹಾಗಾಗಿ ನಾನು ಹೇಳ್ತೇನೆ.

ರಿಸಲ್ಟ್ ಬಂದ ನಂತರ ಮನೆಯಲ್ಲಿ ಯಾರೂ ಬೈಲಿಲ್ಲ. ಎಲ್ಲರೂ ಮೆಲ್ಲ ಮಾತಾಡ್ತಾ ಇದ್ದರು, ನಾನು ಕೋಣೆಗೆ ಬಂದರೆ ಮಾತು ನಿಲ್ತಿತ್ತು. ಅದು ಬೈಗುಳಕ್ಕಿಂತ ಕಷ್ಟ. ನಾಲ್ಕನೇ ದಿನ ಮಾವ ಬಂದು ಸ್ಕೂಟರ್ ಹತ್ತು ಅಂದರು. ನಾನು ಹಿಂದೆ ಕೂತಿದ್ದೆ. ಉಪ್ಪಿನಂಗಡಿ ದಾಟಿದ ಮೇಲೆ ಮುಂದೆ ನೋಡ್ತಾನೇ ಕೇಳಿದರು, "ನಿಂಗೆ ಸಾಯ್ಬೇಕು ಅಂತ ಅನ್ನಿಸ್ತದಾ?" ಟೀಚರ್ ಹೇಳಿದ ಹಾಗೆಯೇ, ಮುಖ ಕಾಣ್ತಿರ್ಲಿಲ್ಲ. ಹೌದು ಅಂದೆ. ಮಾವ ಗಾಡಿ ನಿಲ್ಲಿಸ್ಲಿಲ್ಲ, ಬೊಬ್ಬೆ ಹಾಕ್ಲಿಲ್ಲ. "ಹೇಳಿದ್ದು ಒಳ್ಳೇದಾಯ್ತು ಮಾರಾಯ" ಅಂದರು. ಮುಂದೆ ಹೋಟೆಲಿನಲ್ಲಿ ಚಾ, ಗೋಳಿಬಜೆ ತೆಗೆಸಿಕೊಟ್ಟರು. ನಾಲ್ಕು ದಿನದ ನಂತರ ನನಗೆ ಹಸಿವಾದದ್ದು ಆಗ. ಅವತ್ತು ರಾತ್ರಿ ಅವರ ಮನೆಯಲ್ಲೇ ಉಳಿಸಿಕೊಂಡರು, ಒಬ್ಬನನ್ನೇ ಬಿಡ್ಲಿಲ್ಲ. ತೋಟಕ್ಕೆ ಬಿಡುವ ಮದ್ದಿನ ಡಬ್ಬಿಯೆಲ್ಲ ಬೀಗ ಹಾಕಿ ಇಟ್ಟಿದ್ದರು ಅಂತ ಆಮೇಲೆ ಅತ್ತೆ ಹೇಳಿದರು. ಮರುದಿನವೇ ಆಸ್ಪತ್ರೆಗೆ ಕರಕೊಂಡು ಹೋದರು. ಸಪ್ಲಿಮೆಂಟರಿಯಲ್ಲಿ ಪಾಸಾದೆ.

ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದ ಹಾಗಾಗ್ತದೆ ಅಂತ ಹೆದರಬೇಡಿ ಅಕ್ಕ. ಹಾಗೆ ಆಗುದಿಲ್ಲ. ಯಾರಾದರೂ ಕೇಳಲಿ ಅಂತ ನಾನು ನಾಲ್ಕು ದಿನ ಕಾಯ್ತಾ ಇದ್ದೆ.

ಹೊಲಿಗೆಮನೆ (ದಾವಣಗೆರೆ)

ಎಲ್ಲರಿಗೂ. ತಡವಾಗಿ ಬರೀತಿದ್ದೀನಿ, ಇಪ್ಪತ್ತು ದಿನ ಆಯ್ತು. ಮದುವೆ ಸೀಸನ್ ಹೊಲಿಗೆ ಒಂದು ಕಡೆ, ಇದೊಂದು ಕಡೆ.

ಟೀಚರ್, ಹಳೇ ಡಾಕ್ಟರ್ ಚೀಟಿ, ಸ್ಕೂಲ್ ಡೈರಿಯಲ್ಲಿ ನಾನೇ ಬರೆದ ರಜೆ ಚೀಟಿ ಎಲ್ಲ ತೆಗೆದು ಕ್ಯಾಲೆಂಡರಿನಲ್ಲಿ ಚುಕ್ಕೆ ಇಟ್ಟೆ. ಹನ್ನೊಂದು ರಜೆಯಲ್ಲಿ ಒಂಬತ್ತು ಸೋಮವಾರ. ಇಷ್ಟು ದಿನ ನನ್ನ ಕೈಯಲ್ಲೇ ಬರೆದಿದ್ದೀನಿ, ಒಂದು ಸಲವೂ ಹೊಳೆದಿರಲಿಲ್ಲ.

ಮೊದಲ ಮೂರು ರಾತ್ರಿ ಬಾಬಿನ್ ಸುತ್ತಿಕೊಟ್ಟು ಸುಮ್ಮನೆ ಎದ್ದು ಹೋದ. ತಪ್ಪಾಯ್ತು ಅಂದದ್ದಕ್ಕೂ ಏನೂ ಹೇಳಲಿಲ್ಲ. ನಾಲ್ಕನೇ ರಾತ್ರಿ ಒಂದು ಬ್ಲೌಸ್ ಲೂಸ್ ಮಾಡೋಕೆ ಹೊಲಿಗೆ ಬಿಚ್ಚಬೇಕಿತ್ತು, ಬ್ಲೇಡ್ ಬೇಡ ಅಂತ ಸೂಜಿ ಕೊಟ್ಟಿದ್ದೆ. ಒಂದೊಂದೇ ಹೊಲಿಗೆ ಎತ್ತಿ ಎತ್ತಿ ಬಿಚ್ಚುತ್ತಾ, "ಸೋಮವಾರ ಟೆಸ್ಟ್ ಇರುತ್ತಮ್ಮ" ಅಂದ. ಹೂಂ ಅಂದೆ. ಮಿಷನ್ ನಿಲ್ಲಿಸಲಿಲ್ಲ. ಮಾರ್ಕ್ಸ್ ಪ್ರಕಾರ ಬೆಂಚ್ ಬದಲಾಯಿಸ್ತಾರಂತೆ. ಇವನು ಎರಡನೇ ಬೆಂಚಿನಿಂದ ಕೊನೇ ಬೆಂಚಿಗೆ ಬಂದಿದ್ದಾನೆ. ಅಷ್ಟೇ ಆಗಿದ್ದರೆ ತಡ್ಕೋತಿದ್ದನೇನೋ. ಒಂದನೇ ಕ್ಲಾಸಿನಿಂದ ಜೊತೆಗಿದ್ದ ಹುಡುಗ ಈಗ ಮುಂದಿನ ಬೆಂಚಿನವರ ಜೊತೆ ಸೈಕಲ್ಲಿನಲ್ಲಿ ಹೋಗ್ತಾನಂತೆ. ಇವನಿಗೆ ಕಾಯಲ್ವಂತೆ. "ಅವನಿಗೆ ನಾನು ಕಾಣೋದೇ ಇಲ್ಲಮ್ಮ" ಅಂದ. ನಾನು ಮಾರ್ಕ್ಸ್ ಮಾರ್ಕ್ಸ್ ಅಂತ ಒದ್ದಾಡ್ತಿದ್ದೆ, ಅವನು ಸ್ನೇಹಿತನನ್ನ ಕಳ್ಕೊಂಡು ಅಳ್ತಿದ್ದ.

ಪುತ್ತೂರಿನ ತಮ್ಮಾ, ನೀವು ಹೇಳಿದ ಪ್ರಶ್ನೆ ಕೇಳೋಕೆ ನನಗೆ ಧೈರ್ಯ ಸಾಲದೆ ಮೊದಲು 14416ಕ್ಕೆ ಫೋನ್ ಮಾಡಿದೆ. ಒಬ್ಬ ಹೆಣ್ಣುಮಗಳು ಸಮಾಧಾನವಾಗಿ ಕೇಳಿಸಿಕೊಂಡರು, ಹೇಗೆ ಕೇಳಬೇಕು ಅಂತ ನನ್ನ ಹತ್ರ ಒಂದು ಸಲ ಹೇಳಿಸಿದರು. ಅವತ್ತು ರಾತ್ರಿ ಕೇಳಿದೆ. ಸಾಯಬೇಕು ಅಂತ ಇಲ್ಲ, ಎಲ್ಲಾದರೂ ದೂರ ಹೋಗಬೇಕು ಅನ್ಸುತ್ತೆ ಅಂದ. ಹೇಳಿದ್ದು ಒಳ್ಳೇದಾಯ್ತು ಅಂದೆ. ಬರೋ ಗುರುವಾರ ಜಿಲ್ಲಾ ಆಸ್ಪತ್ರೆಗೆ ಹೋಗ್ತಿದ್ದೀವಿ, ಯಜಮಾನ್ರೂ ಲೋಡ್ ಬಿಟ್ಟು ಬರ್ತಾರೆ.

ಕ್ಲಾಸ್ ಟೀಚರ್ ಹತ್ರ ಹೋಗಿ ಮಾತಾಡಿದೆ. ಹೆಡ್ ಮಾಸ್ಟರ್‌ಗೆ ಹೇಳ್ತೀನಿ ಅಂದಿದ್ದಾರೆ, ಬೆಂಚ್ ಇನ್ನೂ ಹಾಗೇ ಇದೆ. ಮೊನ್ನೆ ಸೋಮವಾರ ಹೊಟ್ಟೆ ಹಿಡ್ಕೊಂಡ. ಕೈ ತಣ್ಣಗಿತ್ತು. ಮೆಟ್ಟಿಲ ಮೇಲೆ ಅತ್ತೆ ಪಕ್ಕದಲ್ಲಿ ಕೂತು ಬೆರಳು ಮಡಚಿ ನಾಲ್ಕು, ಆರು ಅಂತ ಎಣಿಸಿದರು, ದಿನಾ ರಾತ್ರಿ ಅವರೂ ಜೊತೆಗೆ ಮಾಡ್ತಾರೆ. ಎರಡನೇ ಪೀರಿಯಡ್‌ಗೆ ಹೋದ. ವಾಂತಿ ಆಗಲಿಲ್ಲ. ಫೋನ್ ಬೀರುವಿನಿಂದ ಹೊರಗೆ ಬಂದಿದೆ, ರಾತ್ರಿ ಮೂವರದೂ ಶೆಲ್ಫ್ ಮೇಲೆ.

ನಿನ್ನೆ ತಾನಾಗಿಯೇ ಬಂದು "ಬಾಬಿನ್ ಖಾಲಿ ಇದೆಯಾ" ಅಂತ ಕೇಳಿದ. ಎರಡೂ ತುಂಬಿದ್ದವು. ಅವನು ಮಿಷನ್ ಹತ್ರ ಬರೋಷ್ಟರಲ್ಲಿ ಅವನ್ನ ಡಬ್ಬಕ್ಕೆ ಹಾಕಿ ಹಳೇ ಖಾಲಿ ಬಾಬಿನ್ ಕೊಟ್ಟೆ. ಆಮೇಲೆ ಆ ಗಣಿತದ ಪೇಪರನ್ನ ಅವನೇ ತಂದು ಮಿಷನ್ ಮೇಲೆ ಇಟ್ಟ. ಟೀಚರ್, ನಕ್ಷೆಯ ಲೆಕ್ಕ ಎರಡೂ ಬಿಟ್ಟಿದ್ದಾನೆ. ಗ್ರಾಫ್ ಹಾಳೆ ತಂದಿಟ್ಟಿದ್ದೀನಿ. ಯಾವುದರಿಂದ ಶುರು ಮಾಡಿಸಲಿ?